ಹದಿನೆಂಟನೇ ನಂಬರಿನ ಎಳೆತ

ತಂಬೋರಿಲ್, ಡೊಮಿನಿಕನ್ ಗಣರಾಜ್ಯ
೯ ಫೆಬ್ರವರಿ ೧೯೯೭

ಎರ್ಲಿಂದಾ,

ತಲುಪಿದೆ. ವಿಮಾನದಲ್ಲಿ ಪಕ್ಕದವನು ಎರಡು ಸಲ ನನ್ನ ಕೈ ನೋಡಿ ಮೂಗು ಆ ಕಡೆ ತಿರುಗಿಸಿದ. ಹದಿನಾಲ್ಕು ವರ್ಷ ಹೊಗೆಸೊಪ್ಪು ಕಟ್ಟಿದ ಕೈ, ಒಂದು ಸೋಪಿಗೆ ಹೋಗುತ್ತದೆಯೇ?

ನನಗೆಂದೇ ಒಂದು ಕೋಣೆ ಕೊಟ್ಟಿದ್ದಾರೆ. ಮೇಜು, ಕುರ್ಚಿ, ಗಾಜಿನ ಬೂದಿಬಟ್ಟಲು. ಬೆಳಿಗ್ಗೆ ಏಳಕ್ಕೆ ಕೂರಬೇಕು. ಅದಕ್ಕೆ ಮೊದಲು ಕಾಫಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಸಿಹಿಯಿಲ್ಲ. ಸಕ್ಕರೆ ಹಾಕದ ಚಹಾ ಒಂದು ಗುಟುಕು, ಒಂದು ಚುಟ್ಟಾ, ಮತ್ತೆ ಚಹಾ. ದಿನಕ್ಕೆ ಮೂರೇ. ನಾಲ್ಕನೆಯದಕ್ಕೆ ನಾಲಗೆ ಸುಳ್ಳು ಹೇಳತೊಡಗುತ್ತದೆ ಅಂತ ನಮ್ಮ ಮೇಸ್ತ್ರಿ ಎವೆನೋರ್ ಹೇಳುತ್ತಿದ್ದರಲ್ಲ, ಅದೇ ನಿಯಮ ಇಲ್ಲಿ ಗೋಡೆಗೆ ಅಂಟಿಸಿದ್ದಾರೆ. ಮುಷ್ಕರ ಮುರಿದುಬಿದ್ದ ಮೇಲೆ ಅವರು ಹೊಂಡುರಾಸಿನ ಕಡೆ ಹೋದರು ಅಂತಾರೆ. ನನ್ನನ್ನು ಈ ಕುರ್ಚಿಯಲ್ಲಿ ನೋಡಿದ್ದರೆ ಏನನ್ನುತ್ತಿದ್ದರೋ.

ಚುಟ್ಟಾದ ಹೊಸ ಸಾಲೊಂದು ತರುತ್ತಾರಂತೆ. ತೀರಾ ಖಾರವಲ್ಲ, ತೀರಾ ಸಪ್ಪೆಯಲ್ಲ, ಮಧ್ಯಮ. ಪರದೇಶದ ಸಾಹುಕಾರರು ಊಟವಾದ ಮೇಲೆ ಸೇದಿ, ತಲೆ ತಿರುಗದೆ ಎದ್ದು ಹೋಗಬೇಕು. "ಬಾಯಿಗೆ ಗೊತ್ತಾಗ್ಬೇಕು, ಹೊಟ್ಟೆಗೆ ಗೊತ್ತಾಗ್ಬಾರ್ದು" ಅಂದರು ಮ್ಯಾನೇಜರು. ಆ ಸಾಲಿಗೆ ರುಚಿ ನೋಡುವವನು ನಾನೊಬ್ಬನೇ. ನಾನು ಬರೆದದ್ದೇ ಕೊನೆ.

ಬೆಂಚು ನೆನಪಾಗುತ್ತದೆ. ನಾನು ಒಳಗಿನ ಎಲೆಗಳ ಹೂರಣ ಕಟ್ಟಿ ಅಚ್ಚಿಗೆ ಹಾಕಿ ಕೊಡುತ್ತಿದ್ದೆ, ನೀನು ಹೊರ ಎಲೆ ಸುತ್ತಿ ತುದಿಗೆ ಎಲೆಯ ಟೋಪಿ ತೊಡಿಸುತ್ತಿದ್ದೆ. ಸೇದುವಾಗ ಗಾಳಿಯ ಎಳೆತ ಬಿಗಿಯಾದರೆ ಬೈಗುಳ ನನಗೆ, ಹೊರ ಎಲೆ ಸೀಳಿದರೆ ನಿನಗೆ. ಒಂಬತ್ತು ವರ್ಷ ಬೈಗುಳ ಹಂಚಿಕೊಂಡೇ ಸಂಸಾರ ಮಾಡಿದೆವು.

ನಮ್ಮ ಎಸ್ತೆಲಿ ಕಾರ್ಖಾನೆಯ ಮಾದರಿಗಳೂ ಇಲ್ಲಿಗೇ ಬರುತ್ತವೆ. ಯಾವ ಬೆಂಚಿನದು ಎಂದು ಹೇಳುವುದಿಲ್ಲ, ಸುತ್ತಿದ ಕಾಗದದ ಪಟ್ಟಿಯ ಮೇಲೆ ಒಂದು ನಂಬರು ಅಷ್ಟೇ. ಆದರೆ ನಿನ್ನದು ಬಂದರೆ ನನಗೆ ನಂಬರು ಬೇಕೇ? ಟೋಪಿಯ ಕೊನೆಯಲ್ಲಿ ನಿನ್ನ ಹೆಬ್ಬೆರಳ ಉಗುರಿನ ಗುರುತಿರುತ್ತದೆ.

ಕಾಗದವನ್ನು ಮಾದರಿಯ ಚೀಲದಲ್ಲೇ ಹಾಕಿಸು. ಬೇಗ ಬರುತ್ತದೆ. ನನ್ನ ಪುಟ್ಟ ಮಗಳು ಮಾರ್ಬೆಲಿಗೆ ಮುತ್ತು ಕೊಡು. ನನ್ನ ಜಾಗಕ್ಕೆ ಯಾರು ಬಂದರು?

ಬಯಾರ್ದೊ


ಎಸ್ತೆಲಿ, ನಿಕರಾಗುವ
೨ ಮಾರ್ಚ್ ೧೯೯೭

ಬಯಾರ್ದೊ,

ಕಾಗದ ಬಂತು. ಲಕೋಟೆ ಬಿಚ್ಚಿ, ಓದಿ, ಟೇಪು ಹಚ್ಚಿ ಕೊಟ್ಟರು. ಆಫೀಸಿನ ಗುಮಾಸ್ತ ಹಲ್ಲು ಬಿಡುತ್ತಾ, "ನಿನ್ ಗಂಡಂಗೆ ನಿನ್ ಉಗುರಿನ ಗುರುತೂ ಗೊತ್ತಂತಲ್ಲವ್ವ" ಅಂದ. "ನಿನ್ ಹೆಂಡ್ತಿ ಉಗುರಿನ ಗುರುತು ನಿನ್ ಕೆನ್ನೆ ಮೇಲೆ ಊರಿಗೇ ಕಾಣ್ತದೆ" ಅಂದೆ. ಈ ಚೀಲದಲ್ಲಿ ಬರೆಯುವುದನ್ನು ಅವನೂ ಓದುತ್ತಾನೆಂದು ತಿಳಿದು ಬರಿ. ನೀನು ಬರೆದೆಯಲ್ಲ, ಆ ಮೇಸ್ತ್ರಿಯ ಹೆಸರು, ಅದನ್ನು ಮತ್ತೆ ಬರೆಯಬೇಡ. ಅವರ ಹೆಸರು ಈ ಊರಿನ ಪ್ರತಿ ಗೇಟಿನಲ್ಲೂ ಕಪ್ಪು ಪಟ್ಟಿಯಲ್ಲಿದೆ.

ನೀನು ಹೋದ ಮರುದಿನವೇ ದಿನದ ಲೆಕ್ಕ ಏರಿಸಿದರು. ನೀರಿನ ಹೂಜಿಯನ್ನು ಬೆಂಚಿನ ಹತ್ತಿರದಿಂದ ಬಾಗಿಲ ಹತ್ತಿರ ಸರಿಸಿದರು, ಎದ್ದು ಹೋಗುವವರು ಮೇಲ್ವಿಚಾರಕನಿಗೆ ಕಾಣಲಿ ಎಂದು. ನಾನೂರು ಜನ ಸುತ್ತುತ್ತೇವೆ. ಸಮುದ್ರದಾಚೆ ಒಬ್ಬ ಕಾಲು ಚಾಚಿ ಸೇದಿ ನಮ್ಮ ಹಣೆಬರಹ ಬರೆಯುತ್ತಾನೆ. ಆ ಒಬ್ಬ ನನ್ನ ಗಂಡ ಅಂತ ನಗಬೇಕೋ ಅಳಬೇಕೋ ತಿಳಿಯದು.

ನಿನ್ನ ಜಾಗಕ್ಕೆ ತೀನೊ ಅಂತ ಒಬ್ಬ ಬಂದಿದ್ದಾನೆ. ಮಾತು ಕಮ್ಮಿ. ಕೈ ಚೆನ್ನಾಗಿದೆ. ಅವನು ಕಟ್ಟಿ ಕೊಟ್ಟದ್ದನ್ನು ನನ್ನ ಕೈ ತಿದ್ದಬೇಕಾಗಿಲ್ಲ, ಹೊರ ಎಲೆ ತಾನಾಗಿಯೇ ಕೂತುಕೊಳ್ಳುತ್ತದೆ. ಇದಕ್ಕಿಂತ ಹೆಚ್ಚು ಕೇಳಬೇಡ.

ಮಾರ್ಬೆಲಿಯ ಮುಂದಿನ ಹಲ್ಲು ಬಿತ್ತು. ಹಲ್ಲು ನಿನಗೇ ಕಳಿಸಬೇಕೆಂದು ಹಟ. ಚೀಲದಲ್ಲಿ ಹಾಕಿದರೆ ಗುಮಾಸ್ತ ಅದಕ್ಕೂ ಟೇಪು ಹಚ್ಚುತ್ತಾನೆ ಅಂದೆ.

ಎರ್ಲಿಂದಾ


ತಂಬೋರಿಲ್
೨೩ ಮಾರ್ಚ್ ೧೯೯೭

ಎರ್ಲಿಂದಾ,

ತೀನೊ. ಹೆಸರಿನಲ್ಲೇ ಹುಡುಗಾಟವಿದೆ. ವಯಸ್ಸೆಷ್ಟು? ಯಾವ ಊರಿನವನು? ಹೆಚ್ಚು ಕೇಳಬೇಡ ಎಂದರೆ ಗಂಡಸು ಕೇಳದೆ ಇರುತ್ತಾನೆಯೇ? ಸುಮ್ಮನೆ ಕೇಳುತ್ತಿದ್ದೇನೆ, ಬೇರೇನಿಲ್ಲ.

ಹೋದ ಮಂಗಳವಾರ ಹದಿನೆಂಟನೇ ನಂಬರು ಬಂತು. ಟೋಪಿಯನ್ನು ಬೆಳಕಿಗೆ ಹಿಡಿದೆ. ನಿನ್ನ ಉಗುರು. ಎದ್ದು ಬಾಗಿಲು ಹಾಕಿಕೊಂಡೆ.

ಹಚ್ಚುವ ಮೊದಲು ಬರಿದೇ ಎಳೆದು ನೋಡಿದೆ: ಒಣಹುಲ್ಲು, ಅದರ ಹಿಂದೆ ಹೊಸದಾಗಿ ಸೀಳಿದ ಸೌದೆ. ಮರದ ಚಕ್ಕೆಯಿಂದ ಹಚ್ಚಿ ಸುತ್ತಲೂ ಕೆಂಪಾಗುವವರೆಗೆ ತಿರುಗಿಸಿದೆ. ಮೊದಲ ಮೂರನೇ ಒಂದು ಭಾಗದಲ್ಲಿ ಹೊಗೆಯನ್ನು ಮೂಗಿನಿಂದ ಬಿಟ್ಟಾಗ ಕಾಳುಮೆಣಸು ಮುಟ್ಟಿತು. ಮುಟ್ಟಿತು ಅಷ್ಟೇ, ಕಚ್ಚಲಿಲ್ಲ. ನಡುಭಾಗಕ್ಕೆ ಬರುವಾಗ ಬಾಯಲ್ಲಿ ಅಮ್ಮ ಸೋರೆಬುರುಡೆಯಲ್ಲಿ ಕದಡಿ ಕೊಡುತ್ತಿದ್ದ ಹುರಿದ ಮೆಕ್ಕೆಜೋಳದ ಹಿಟ್ಟು, ಕೊಕೊ. ನಮ್ಮ ಎಸ್ತೆಲಿ ಎಲೆಯ ಖಾರವೂ ಹಲಾಪಾ ಕಣಿವೆಯ ಎಲೆಯ ಸಿಹಿಯೂ ಒಂದನ್ನೊಂದು ತಳ್ಳದೆ ಒಂದೇ ಜಗಲಿಯಲ್ಲಿ ಕೂತಿದ್ದವು. ಬೂದಿ ಬೆಳ್ಳಗೆ, ಮೂರು ಬೆರಳಿನಷ್ಟು, ಬೀಳದೆ ನಿಂತಿತು. ಕೊನೆಯಲ್ಲಿ ಬೆರಳು ಸುಡುವವರೆಗೂ ಕಹಿಯಿಲ್ಲ. ಮಧ್ಯಮ ಎಂದು ಕಂಪನಿ ಏನನ್ನು ಹುಡುಕುತ್ತಿದೆಯೋ ಅದು.

ಆದರೆ ಹೂರಣ ನನ್ನದಲ್ಲ. ನಾನು ಎಲೆಗಳನ್ನು ಒಟ್ಟಿಗೆ ಮಡಿಚಿ ಕಟ್ಟುತ್ತಿದ್ದೆ, ನಿನಗೆ ಗೊತ್ತು, ಕಂಪನಿಗೆ ಬೇಗ ಬೇಕಿತ್ತು. ಇವನು ಒಂದೊಂದೇ ಎಲೆಯನ್ನು ಕೊಳವೆ ಮಾಡಿ ಜೋಡಿಸಿದ್ದಾನೆ. ಗಾಳಿ ತಡೆಯಿಲ್ಲದೆ ಬರುತ್ತಿತ್ತು. ಅಷ್ಟು ವ್ಯವಧಾನ ಅವನಿಗೆ ಯಾರ ಸಲುವಾಗಿ?

ನಿಮ್ಮಿಬ್ಬರ ಚುಟ್ಟಾ ಚೆನ್ನಾಗಿದೆ. ಒಳ್ಳೆಯ ಅಂಕ ಬರೆದು ಕಳಿಸಿದ್ದೇನೆ.

ಬಯಾರ್ದೊ


ಎಸ್ತೆಲಿ
೧೪ ಏಪ್ರಿಲ್ ೧೯೯೭

ಬಯಾರ್ದೊ,

ವಯಸ್ಸು ಕೇಳಿದ್ದೀಯ. ಬಾಯಿ ತೆರೆಸಿ ಹಲ್ಲು ಎಣಿಸೋಕೆ ನಾನೇನು ಕುದುರೆ ವ್ಯಾಪಾರಿಯೇ? ಸುಮ್ಮನೆ ಕೇಳಿದೆ ಅಂತ ಬೇರೆ ಬರೆದಿದ್ದೀಯ. ಸುಮ್ಮನೆ ಕೇಳುವವನು ಎರಡು ಸಲ ಕೇಳುವುದಿಲ್ಲ.

ಮಾರ್ಚಿನ ಅಂಕ ಗೋಡೆಗೆ ಹಾಕಿದರು. ನಮ್ಮ ಬೆಂಚೇ ಮೊದಲು. ತೀನೊ ಅದನ್ನು ಓದಿಸಿಕೊಂಡು ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲಿಂದ ಕಟ್ಟುವಾಗ ಇನ್ನೂ ನಿಧಾನ. "ಇದು ಅಲ್ಲಿಗೆ ಹೋಗೋದು ತಾನೇ, ಅವನ ಬಾಯಿಗೆ ತಾನೇ" ಅಂತ ಕೇಳುತ್ತಾನೆ. ನಿನ್ನ ನಾಲಗೆ ಎಂದರೆ ಅವನಿಗೆ ಅಷ್ಟು ಭಯಭಕ್ತಿ.

ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೇ ಬರುತ್ತಾನೆ. ಅನ್ನ ಕಾಳು, ಒಂದು ತುಂಡು ಗಿಣ್ಣು. ತನ್ನ ಹಿತ್ತಲಿನ ಸೀಬೆಹಣ್ಣು ತರುತ್ತಾನೆ. ಮಾರ್ಬೆಲಿ ಅವನ ಮಡಿಲಿನಿಂದ ಇಳಿಯುವುದಿಲ್ಲ. ಬಾಳೆಲೆಯ ಚೂರುಗಳಿಂದ ಅವಳಿಗೆ ಹೂರಣ ಕಟ್ಟುವುದು ಕಲಿಸುತ್ತಿದ್ದಾನೆ.

ಯಾರು ಎತ್ತ ಎಂದು ನಾನು ಬರೆಯಲಾರೆ. ಆಣೆ ಹಾಕಿಸಿಕೊಂಡಿದ್ದಾನೆ. ಆದರೆ ಈ ತಿಂಗಳ ಮಾದರಿ ಹೊರಟಿದೆ. ನೀನು ದೊಡ್ಡ ರುಚಿಗಾರನಲ್ಲವೇ, ಕಣ್ಣು ಮುಚ್ಚಿ ಎಳೆದು ನೋಡು. ಅದು ನಿನಗೆ ಗೊತ್ತಿರುವ ಕೈ. ಗುರುತು ಹತ್ತಿದರೆ ನನ್ನನ್ನು ಕೇಳಬೇಕಾಗಿಲ್ಲ.

ಎರ್ಲಿಂದಾ


ತಂಬೋರಿಲ್
೪ ಮೇ ೧೯೯೭

ಎರ್ಲಿಂದಾ,

ಕೆಲಸ ಬಹಳ. ಮಡಿಲು, ಸೀಬೆಹಣ್ಣು, ಆಣೆ ಎಲ್ಲವನ್ನೂ ಓದಿದೆ. ಅವನ ಕೈ ನನಗೆ ಗೊತ್ತಿರಬೇಕು ಎಂದು ನನಗೇ ಸವಾಲು ಹಾಕುವಷ್ಟು ಧೈರ್ಯ ಬಂದಿದೆ ನಿನಗೆ. ಇರಲಿ.

ಏಪ್ರಿಲ್ ಮಾದರಿ ನೋಡಿದೆ. ಹದಿನೆಂಟರ ಎಳೆತ ಬಿಗಿ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ಕೆಲಸದಲ್ಲಿ ಹೆಂಡತಿ, ನೆಂಟರು ಅಂತ ನೋಡಲಾಗುವುದಿಲ್ಲ.

ಮಾರ್ಬೆಲಿಯನ್ನು ಕಂಡಕಂಡವರ ಮಡಿಲಲ್ಲಿ ಕೂರಿಸಬೇಡ.

ಬಯಾರ್ದೊ


ಎಸ್ತೆಲಿ
೨೫ ಮೇ ೧೯೯೭

ಬಯಾರ್ದೊ,

ಇದನ್ನು ಗುಮಾಸ್ತನ ಕೈಗೆ ಸಿಗದ ಹಾಗೆ ಊರಿನ ಅಂಚೆಗೆ ಹಾಕುತ್ತಿದ್ದೇನೆ. ತಲುಪಲು ಎಷ್ಟು ದಿನವಾದರೂ ಹಿಡಿಯಲಿ. ನಿನ್ನಿಂದ ಮುಚ್ಚಿಡಬೇಕಾದದ್ದು ಇನ್ನೇನೂ ಉಳಿದಿಲ್ಲ.

ಹೋದ ಶನಿವಾರ ಮೇಲ್ವಿಚಾರಕ ಪೆಟ್ಟಿಗೆಯ ಮೇಲೆ ನಿಂತು ನಿನ್ನ ಹಾಳೆ ಓದಿದ. "ಹದಿನೆಂಟು. ಎಳೆತ ಬಿಗಿ. ಉರಿ ಓರೆ. ಹೂರಣ ಕಟ್ಟುವವನ ಕೈ ಈ ಸಾಲಿಗೆ ತಕ್ಕದ್ದಲ್ಲ." ಓದಿ ಮುಗಿಸಿ, "ತೀನೊ, ಎದ್ದೇಳಪ್ಪ, ಗೇಟ್ ಹತ್ರ ಚೀಟಿ ತಗೋ" ಅಂದ.

ಇನ್ನು ಮೇಲೆ ಅವರನ್ನು ತೀನೊ ಎಂದು ಬರೆಯುವುದಿಲ್ಲ, ಅವನು ಎಂದೂ ಬರೆಯುವುದಿಲ್ಲ. ಅವರು ನಮ್ಮ ಮೇಸ್ತ್ರಿ, ದೋನ್ ಎವೆನೋರ್. ಹದಿನೇಳು ವರ್ಷದ ನಿನ್ನ ಬೆರಳು ಹಿಡಿದು ಹೂರಣ ಕಟ್ಟಿಸಿದವರು. ನಮ್ಮ ಮದುವೆಗೆ ತಂದೆಯ ಜಾಗದಲ್ಲಿ ನಿಂತವರು. ಮುಷ್ಕರವಾದ ಮೇಲೆ ಐದು ವರ್ಷ ಯಾವ ಗೇಟೂ ಅವರನ್ನು ಒಳಗೆ ಬಿಡಲಿಲ್ಲ. ಹೊಂಡುರಾಸಿನಲ್ಲಿ ಒಲೆಗೆ ಸೌದೆ ಒಡೆದರು. ಅರವತ್ತಾರು ವರ್ಷಕ್ಕೆ ಮೀಸೆ ಬೋಳಿಸಿ, ಎಲ್ಲರೂ ತೀನೊ ಎನ್ನುತ್ತಿದ್ದ ಸತ್ತ ತಮ್ಮ ಫೌಸ್ತಿನೊನ ಗುರುತಿನ ಚೀಟಿ ಹಿಡಿದು ನಮ್ಮ ಕಾರ್ಖಾನೆಗೆ ಬಂದರು. ಮೇಲ್ವಿಚಾರಕರೆಲ್ಲ ಹೊರಗಿನವರು, ಅವರಿಗೆ ಗೊತ್ತಿಲ್ಲ. ನಾನೂರು ಜನರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ನಾನೂರು ಜನ ಮೂರು ತಿಂಗಳು ಹೊತ್ತ ಗುಟ್ಟನ್ನು ನೀನು ಒಂದು ಸಾಲಿನಲ್ಲಿ ಗೇಟಿನಾಚೆ ಎಸೆದೆ.

"ಯಾರು ಸೇದಿದ್ದು?" ಅಂತ ಕೇಳಿದರು ಮೇಸ್ತ್ರಿ.

"ಬಯಾರ್ದೊ. ಇನ್ಯಾರು" ಅಂದ ಮೇಲ್ವಿಚಾರಕ.

"ಹಂಗಾದ್ರೆ ಸರಿ."

ಅಷ್ಟೇ ಅಂದದ್ದು. ಎಲೆ ಕತ್ತರಿಸುವ ಅರ್ಧಚಂದ್ರದ ಆ ಹಳೇ ಕತ್ತಿಯನ್ನು ಅಂಗಿಗೆ ಒರೆಸಿ ನನ್ನ ಕಡೆ ಸರಿಸಿದರು. ನಾನು ಎದ್ದು ನಿಂತೆ. "ಇಲ್ಲೇ ಒಂದು ಹಚ್ಚಿ ನೋಡ್ರಿ, ಎಲ್ಲರ ಎದುರಿಗೆ ಎಳೀರಿ" ಅಂದೆ. "ಈ ಸಾಲಿನ ಸಿಗಾರನ್ನ ಕೆಲಸದೋರು ಬಾಯಿಗೆ ಇಡೋ ಹಂಗಿಲ್ಲ" ಅಂದ. ನಮ್ಮ ಕೈ ಅದನ್ನು ಕಟ್ಟಬಹುದು, ನಮ್ಮ ಉಗುಳು ಹಚ್ಚಿ ಅಂಟಿಸಬಹುದು, ಸೇದಬಾರದು. ನಾನು ಕತ್ತಿಯ ಬೆನ್ನಿನಿಂದ ಮೇಜಿಗೆ ಬಡಿದೆ. ಪಕ್ಕದ ನೂಬಿಯಾ ಬಡಿದಳು. ಇಡೀ ಸಾಲು ಬಡಿಯಿತು. ಮೇಸ್ತ್ರಿ ಆ ಸದ್ದಿನಲ್ಲಿ ಸಾಲುಗಳ ನಡುವೆ ಒಬ್ಬರೇ ನಡೆದು ಹೋದರು. ಬಾಗಿಲ ಹತ್ತಿರ ಹೂಜಿಯಿಂದ ಒಂದು ಲೋಟ ನೀರು ಕುಡಿದು, ಲೋಟ ತೊಳೆದು ಬೋರಲು ಹಾಕಿದರು. ಗೇಟಿನ ಸಂದಿಯಲ್ಲಿ ಅವರ ಜಾಗಕ್ಕೆ ಕಾಯುತ್ತಿದ್ದವರ ಕಣ್ಣು ಆಗಲೇ ಕಾಣುತ್ತಿತ್ತು.

ಏಪ್ರಿಲ್ ಮಾದರಿ ಹೋಗಿತ್ತಲ್ಲ, ಅದೇ ದಿನದ ಕಟ್ಟಿನಿಂದ ಮೂರು ಚುಟ್ಟಾ ನಾನು ಲಂಗದ ಮಡಿಕೆಯಲ್ಲಿ ತಂದಿದ್ದೆ. ಕಳ್ಳತನ ಅಂತ ಬರೆದುಕೋ. ನಾನೂ ನೂಬಿಯಾಳೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎರಡನ್ನು ಹಚ್ಚಿದೆವು. ನೀನೇ ನನಗೆ ಕಲಿಸಿದ್ದೆ, ಮೊದಲು ಬರಿದೇ ಎಳೆ, ಆಮೇಲೆ ಹಚ್ಚು, ಹೊಗೆಯನ್ನು ಮೂಗಿನಿಂದ ಬಿಡು. ಎಳೆದೆ. ಬಯಾರ್ದೊ, ಬೆಳಗಿನ ಹೊತ್ತು ಕಿಟಕಿ ತೆರೆದ ಹಾಗೆ ಬಂತು ಗಾಳಿ. ಉರಿ ಉಂಗುರದ ಹಾಗೆ ಸಮ.

ನಿನ್ನ ನಾಲಗೆ ತಪ್ಪಿಲ್ಲ. ನಿನ್ನ ನಾಲಗೆಯನ್ನು ನಾನು ಬಲ್ಲೆ, ಸೊಪ್ಪು ಯಾವ ಹೊಲದ್ದು ಎಂದು ಹೇಳುವ ನಾಲಗೆ ಅದು. ನೀನು ಸುಳ್ಳು ಬರೆದೆ. ನಿನ್ನ ಹೆಂಡತಿ ಇನ್ನೊಬ್ಬ ಗಂಡಸಿನ ಪಕ್ಕ ಕೂತು ಒಳ್ಳೆಯ ಚುಟ್ಟಾ ಮಾಡಿದಳು ಎನ್ನುವುದು ನಿನಗೆ ನುಂಗಲಾಗಲಿಲ್ಲ. ನನ್ನನ್ನು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಮುಗಿಯುತ್ತಿತ್ತು. ಕೈಗೆ ಕಂಪನಿಯ ಮೊಹರು ಸಿಕ್ಕಿತ್ತು, ಅದನ್ನೇ ಎತ್ತಿಕೊಂಡೆ.

ಕೆಲಸ ಹೋದದ್ದಕ್ಕೆ ಅವರಿಗೆ ದುಃಖವಿಲ್ಲ, ಅದು ಅಭ್ಯಾಸ. ತಮ್ಮ ಕೈಯೇ ಹೋಯಿತು ಎಂದು ನಂಬಿದ್ದಾರೆ. ನಿನ್ನ ಮಾರ್ಚಿನ ಕಾಗದ ಓದಿ ಹೇಳಿದೆ, ಗಾಳಿ ತಡೆಯಿಲ್ಲದೆ ಬರುತ್ತಿತ್ತು ಎಂದು ಬರೆದದ್ದನ್ನು. "ಅದು ಮಾರ್ಚ್. ಕೈ ಏಪ್ರಿಲ್‌ನಲ್ಲಿ ಹೋಗಿರ್ಬೇಕು. ಹುಡುಗ ಹೇಳಿದ್ಮೇಲೆ ಮುಗೀತು" ಅಂದರು. ನಾನು ಸೇದಿ ನೋಡಿದೆ ಅಂದರೆ, "ನೀನು ಸುತ್ತೋಳು, ಮಗಳೇ. ರುಚಿ ಅವನದ್ದು" ಅಂದರು.

ನನಗೆ ಏನನ್ನೂ ಬರೆಯಬೇಡ. ಅವರಿಗೆ ಒಂದು ಸಾಲು ಬರಿ. ಸುಳ್ಳು ಬರೆದೆ, ನಿಮ್ಮ ಕೈ ಸರಿಯಾಗಿದೆ. ಅಷ್ಟೇ ಸಾಕು.

ಎರ್ಲಿಂದಾ


ತಂಬೋರಿಲ್
೧೫ ಜೂನ್ ೧೯೯೭

ಎರ್ಲಿಂದಾ,

ನಿನ್ನ ಕಾಗದ ಮೂರು ದಿನ ಜೇಬಿನಲ್ಲೇ ಇತ್ತು. ಮೇಸ್ತ್ರಿ ಎಂದು ನನಗೆ ಹೇಗೆ ತಿಳಿಯಬೇಕು? ನೀನೊಂದು ಸುಳಿವು ಕೊಡಬಹುದಿತ್ತು. ಕೊಟ್ಟೆ ಎನ್ನುತ್ತೀಯ. ಸೀಬೆಹಣ್ಣಿನ ನಡುವೆ ಕೊಟ್ಟ ಸುಳಿವು ಯಾರ ಕಣ್ಣಿಗೆ ಬೀಳುತ್ತದೆ?

ಎಳೆತ ಎನ್ನುವುದು ಕಲ್ಲಿನ ಮೇಲೆ ಕೊರೆದದ್ದಲ್ಲ. ವಿಮಾನದಲ್ಲಿ ಬರುವಾಗ ಚುಟ್ಟಾ ತೇವ ಕುಡಿದು ಉಬ್ಬಬಹುದು. ಇಲ್ಲಿ ಆ ವಾರ ಮಳೆ. ನಿಮ್ಮಲ್ಲಿ ಒಣ ಹವೆ. ನೀನು ಸೇದಿದ್ದು ಸಡಿಲ, ನಾನು ಸೇದಿದ್ದು ಬಿಗಿ, ಎರಡೂ ನಿಜವಿರಬಹುದು.

ಬರೆದ ಹಾಳೆ ಸುಳ್ಳು ಎಂದು ನನ್ನ ಕೈಬರಹದಲ್ಲಿ ಕೊಟ್ಟರೆ ಈ ಕುರ್ಚಿಯಲ್ಲಿ ನಾಳೆ ನಾನಿರುವುದಿಲ್ಲ. ನೀನೇ ಬಾಯಿಮಾತಿನಲ್ಲಿ ಹೇಳು, ನನ್ನ ಪರವಾಗಿ. ಹವೆಯ ದೋಷ ಎಂದು ಹೇಳು. ಅವರಿಗಾಗಿ ಇಲ್ಲಿನ ಒಳ್ಳೆಯ ಸಿಗಾರಿನ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ, ಬಂಗಾರದ ಪಟ್ಟಿಯದು.

ಮಾರ್ಬೆಲಿ ನನ್ನನ್ನು ಕೇಳುತ್ತಾಳೆಯೇ?

ಬಯಾರ್ದೊ


ಎಸ್ತೆಲಿ
೬ ಜುಲೈ ೧೯೯೭

ಬಯಾರ್ದೊ,

ಪೆಟ್ಟಿಗೆ ವಾಪಸು ಕಳಿಸಿದ್ದೇನೆ. ಬಿಚ್ಚಿಲ್ಲ.

ಒಂದು ಸುಳ್ಳನ್ನು ಮುಚ್ಚಲು ಮಳೆಯನ್ನೂ ವಿಮಾನವನ್ನೂ ಕರೆದೆ. ಎರಡೂ ನಿಜವಿರಬಹುದು ಅಂತೆ. ಖಾರವೂ ಬೇಡ, ಸಪ್ಪೆಯೂ ಬೇಡ, ಸಾಹುಕಾರನ ತಲೆ ತಿರುಗಬಾರದು. ಕಂಪನಿ ನಿನ್ನನ್ನು ಚೆನ್ನಾಗಿ ಹದ ಮಾಡಿದೆ.

ಮೇಸ್ತ್ರಿ ನಮ್ಮ ಹಿಂದಿನ ಕೋಣೆಯಲ್ಲಿದ್ದಾರೆ. ಎದೆಯಲ್ಲಿ ಕೆಮ್ಮು ಕೂತಿದೆ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಂಡು, ಕೆಲಸಕ್ಕೆ ಹೊರಡುವವರ ಹಾಗೆ ಬಾಗಿಲಲ್ಲಿ ಕೂರುತ್ತಾರೆ. ಮೊನ್ನೆ ಒಳ್ಳೆಯ ಸೊಪ್ಪು ತಂದು ಮುಂದಿಟ್ಟೆ. ನಡುವಿನ ಎಲೆಯನ್ನು ಎತ್ತಿ, ಅಂಗೈಯಲ್ಲಿ ಹರಡಿ, ಮತ್ತೆ ಇಟ್ಟುಬಿಟ್ಟರು. "ನನ್ನ ಕೈ ನಂಗೇ ಸುಳ್ಳು ಹೇಳ್ತದೆ, ಎರ್ಲಿಂದಾ. ಸರಿಯಾಗಿದೆ ಅಂತದೆ. ಆವತ್ತೂ ಹಂಗೇ ಅಂದಿತ್ತು." ಮಾರ್ಬೆಲಿ ಬಾಳೆಲೆ ತಂದರೆ, "ಅಪ್ಪ ಬಂದ್ಮೇಲೆ ಅವನ ಹತ್ರ ಕಲಿ, ನಂದು ಕೆಟ್ಟ ಕೈ" ಅಂತಾರೆ.

ಐವತ್ತು ವರ್ಷ ಎಲೆ ಹಿಡಿದ ಮನುಷ್ಯ. ಜೈಲು, ಮುಷ್ಕರ, ಹಸಿವು ಯಾವುದೂ ಅವರ ಕೈಯಿಂದ ಎಲೆ ಬಿಡಿಸಲಾಗಲಿಲ್ಲ.

ಅವರಿಗೆ ಬರಿ. ನನಗಲ್ಲ.

ಎರ್ಲಿಂದಾ


ತಂಬೋರಿಲ್
೧೦ ಆಗಸ್ಟ್ ೧೯೯೭

ಮೇಸ್ತ್ರಿ ದೋನ್ ಎವೆನೋರ್ ಅವರಿಗೆ,

ನಿಮ್ಮ ಹುಡುಗ ಬಯಾರ್ದೊ ಬರೆಯುವುದು.

ಏಪ್ರಿಲ್ ತಿಂಗಳ ಹದಿನೆಂಟನೇ ನಂಬರನ್ನು ನಾನು ಸೇದಿದ್ದು ಬೆಳಿಗ್ಗೆ ಏಳೂಕಾಲಿಗೆ, ಅದೇ ಆ ದಿನದ ಮೊದಲನೆಯದು. ನಾಲಗೆ ಸ್ವಚ್ಛವಾಗಿತ್ತು. ಆಗ ಬರೆಯಬೇಕಾಗಿದ್ದ ಹಾಳೆಯನ್ನು ಈಗ ಬರೆಯುತ್ತಿದ್ದೇನೆ.

ನೋಟ: ಒತ್ತಿದರೆ ಎಲ್ಲೂ ಗಂಟಿಲ್ಲ, ಎಲ್ಲೂ ಟೊಳ್ಳಿಲ್ಲ. ಎಳೆತ: ಒಂದಿಷ್ಟೂ ತಡೆಯಿಲ್ಲ. ಉರಿ: ಕೊನೆಯವರೆಗೂ ಸಮ, ಒಂದು ಸಲವೂ ಮತ್ತೆ ಹಚ್ಚಲಿಲ್ಲ. ಬೂದಿ: ನಾಲ್ಕು ಬೆರಳು, ನಾನು ತಟ್ಟುವವರೆಗೂ ಬೀಳಲಿಲ್ಲ. ಶಕ್ತಿ: ಮಧ್ಯಮ. ಖಾರದ ಎಲೆಯನ್ನು ಕಡಿಮೆ ಹಾಕಿ ಮಧ್ಯಮ ಮಾಡುವುದು ಯಾರಿಗಾದರೂ ಬರುತ್ತದೆ. ನೀವು ಪೂರ್ತಿ ಹಾಕಿದ್ದಿರಿ, ನಟ್ಟನಡುವೆ ಇಟ್ಟಿದ್ದಿರಿ, ಸುತ್ತಲಿನ ಎಲೆಗಳು ಅದರ ಕೋಪವನ್ನು ತಾಳಿಕೊಂಡಿದ್ದವು. ಬಾಯಲ್ಲಿ ಉಳಿದದ್ದು: ಮಧ್ಯಾಹ್ನದವರೆಗೂ ಹುರಿದ ಕೊಕೊ, ಕೊನೆಗೆ ಮಳೆ ಬಿದ್ದ ಮಣ್ಣು.

ನಡುಭಾಗದಲ್ಲಿ ನನಗೆ ಗೊತ್ತಾಯಿತು ಮೇಸ್ತ್ರಿ. ಈ ಕೈ ಎಲ್ಲೋ ನನ್ನ ಬೆರಳಿನ ಗೆಣ್ಣಿಗೆ ಕತ್ತಿಯ ಬೆನ್ನಿನಿಂದ ತಟ್ಟಿದೆ ಅನ್ನಿಸಿತು. ಅನ್ನಿಸಿದ್ದನ್ನು ತಳ್ಳಿಬಿಟ್ಟೆ. ಎರ್ಲಿಂದಾಳ ಪಕ್ಕ ಕೂತವನು ಯಾರಾದರೂ ಆಗಿರಲಿ, ಅವನು ನನಗಿಂತ ಚೆನ್ನಾಗಿ ಕಟ್ಟಿದ್ದಾನೆ ಎನ್ನುವುದೊಂದೇ ತಲೆಯಲ್ಲಿ ಕೂತಿತ್ತು. ಬೂದಿಬಟ್ಟಲಿನಲ್ಲಿ ಅದು ಇನ್ನೂ ಹೊಗೆಯಾಡುತ್ತಿರುವಾಗಲೇ 'ಎಳೆತ ಬಿಗಿ' ಎಂದು ಬರೆದೆ. ಸುಳ್ಳು ಬರೆದೆ. ನಿಮ್ಮ ಕೈ ಸರಿಯಾಗಿದೆ. ಅಂಥ ಕೈ ನಾನು ಇನ್ನೊಂದು ಕಂಡಿಲ್ಲ.

ನಿನ್ನೆ ಮ್ಯಾನೇಜರಿಗೂ ಹೇಳಿದೆ. "ಹಾಳೆ ತಿದ್ದೋಕಾಗಲ್ಲ, ರುಚಿಗಾರನ್ನ ಬದಲಾಯಿಸ್ಬಹುದು" ಅಂದರು. ಮುಂದಿನ ತಿಂಗಳ ಕೊನೆಗೆ ಬಿಡುತ್ತೇನೆ. ಮೊದಲೇ ಬರೆಯಬೇಕಾಗಿತ್ತು. ಕುರ್ಚಿಯ ಆಸೆ ಎರಡು ತಿಂಗಳು ತಿಂದಿತು.

ಕ್ಷಮಿಸಿ ಎಂದು ಬರೆಯಲು ಮುಖವಿಲ್ಲ. ಎಲೆ ಕೈಗೆ ತೆಗೆದುಕೊಳ್ಳಿ.

ಬಯಾರ್ದೊ


ಎಸ್ತೆಲಿ
೩೧ ಆಗಸ್ಟ್ ೧೯೯೭

ಬಯಾರ್ದೊ,

ಮೇಸ್ತ್ರಿಗೆ ಬರೆದ ಕಾಗದ ಗುರುವಾರ ಬಂತು. ಅವರ ಕಣ್ಣು ಈಗ ಅಕ್ಷರಕ್ಕೆ ನಿಲ್ಲುವುದಿಲ್ಲ, ನಾನೇ ಓದಿದೆ. ಹಾಸಿಗೆಯ ಅಂಚಿನಲ್ಲಿ ಕೂತು, ಒಂದು ಪದ ಬಿಡದೆ.

ನೋಟ, ಎಳೆತ, ಉರಿ ಎಂದು ಓದುವಾಗ ಅವರ ಬಲಗೈ ಹೊದಿಕೆಯ ಮೇಲೆ ಸ್ವಲ್ಪ ಅಲ್ಲಾಡಿತು. ಬೆರಳುಗಳು ಇಲ್ಲದ ಎಲೆಯನ್ನು ಸುರುಳಿ ಮಾಡಿದವು. ನಾನು ಓದುವುದನ್ನು ನಿಲ್ಲಿಸಿ ನೋಡಿದೆ. "ಓದು, ಓದು" ಅಂದರು. ಕೋಪವನ್ನು ತಾಳಿಕೊಂಡಿದ್ದವು ಎಂದು ಬರೆದಿದ್ದೀಯಲ್ಲ, ಅಲ್ಲಿ ನಕ್ಕರು. ಎರಡು ಸಲ ಓದಿಸಿಕೊಂಡರು.

ಓದಿ ಮುಗಿಸಿ ಕಾಗದ ಮಡಿಚಿದೆ. ಆಮೇಲೆ ನನ್ನ ಕೈ ತಟ್ಟಿ ಹೇಳಿದರು: "ಒಳ್ಳೆ ಹುಡುಗ. ಮುದುಕ ಸಾಯೋ ಮುಂಚೆ ಸಮಾಧಾನವಾಗಿರ್ಲಿ ಅಂತ ಎಷ್ಟು ಚೆನ್ನಾಗಿ ಸುಳ್ಳು ಬರ್ದಿದಾನೆ. ಅದಕ್ಕೋಸ್ಕರ ಕೆಲಸಾನೂ ಬಿಟ್ನಂತಾ? ದಡ್ಡ. ವಾಪಸ್ ತಗೋ ಅಂತ ಬರಿ."

ಇದು ಸುಳ್ಳಲ್ಲ ಮೇಸ್ತ್ರಿ, ಮೊದಲಿನದ್ದೇ ಸುಳ್ಳು ಅಂದೆ. ಕೂಗಿ ಹೇಳಿದೆ. ನೂಬಿಯಾಳನ್ನು ಕರೆಸಿ ಹೇಳಿಸಿದೆ. ಇಬ್ಬರನ್ನೂ ಮಕ್ಕಳನ್ನು ನೋಡುವ ಹಾಗೆ ನೋಡಿದರು. "ರುಚಿಗಾರ ಹಾಳೆ ಮೇಲೆ ಸುಳ್ಳು ಬರೆಯಲ್ಲ. ನಾನೇ ಅವನಿಗೆ ಕಲಿಸಿದ್ದು. ಕಾಗದದಲ್ಲಿ ಬರೀತಾನೆ, ಅದು ಪ್ರೀತಿ" ಅಂದರು. ಗೋಡೆಯ ಕಡೆ ತಿರುಗಿ ಮಲಗಿದರು. ಬೆರಳು ಮತ್ತೆ ಅಲ್ಲಾಡಲಿಲ್ಲ.

ಕಂಪನಿಯ ಮೊಹರು ಬಿದ್ದ ಸುಳ್ಳು ಅವರಿಗೆ ನಿಜವಾಯಿತು. ನಿನ್ನ ಹೃದಯದಿಂದ ಬಂದ ನಿಜ ದಯೆಯಾಯಿತು. ಮೇ ತಿಂಗಳಲ್ಲೇ ಒಂದು ಸಾಲು ಬರೆದಿದ್ದರೆ, ನಡೆದು ಹೋಗುವಷ್ಟು ಶಕ್ತಿ ಇದ್ದಾಗ, ಜಗಳಕ್ಕೆ ಬರುವಷ್ಟು ಸಿಟ್ಟು ಇದ್ದಾಗ, ನಂಬುತ್ತಿದ್ದರೋ ಏನೋ. ಈಗ ಎಲ್ಲರೂ ತಮ್ಮನ್ನು ಸಮಾಧಾನ ಮಾಡುತ್ತಿದ್ದಾರೆ ಎಂದೇ ತಿಳಿದಿದ್ದಾರೆ.

ನಾನು ಆವತ್ತು ತಂದ ಮೂರರಲ್ಲಿ ಒಂದು ಉಳಿದಿದೆ. ಒದ್ದೆ ಬಟ್ಟೆಯ ಪಕ್ಕ ಡಬ್ಬಿಯಲ್ಲಿ ಇಟ್ಟಿದ್ದೇನೆ. ಆದರೂ ಹೊರ ಎಲೆ ಒಂದು ಕಡೆ ಬಿರಿಯುತ್ತಿದೆ. ನೀನು ಬಾ. ಬಂದು ಅವರ ಎದುರಿಗೆ ಕೂತು ಅದನ್ನು ಹಚ್ಚು. ಏನೂ ಹೇಳಬೇಡ, ಬರೆಯಬೇಡ. ಎಳೆ. ಅವರು ನಿನ್ನ ಕೆನ್ನೆ ನೋಡಲಿ. ಬಿಗಿ ಎಳೆತಕ್ಕೆ ಕೆನ್ನೆ ಗುಳಿ ಬೀಳುತ್ತದೆ ಎಂದು ಅವರೇ ನಿನಗೆ ಕಲಿಸಿದ್ದು. ಬೀಳದಿದ್ದರೆ ಅವರಿಗೆ ಗೊತ್ತಾಗುತ್ತದೆ. ಅದಕ್ಕೆ ಮಾತ್ರ ಅವರ ಕಣ್ಣು ಇನ್ನೂ ಸಾಕಾಗುತ್ತದೆ.

ಅದು ಉರಿದು ಮುಗಿಯುವವರೆಗೆ ಈ ಮನೆಯಲ್ಲಿ ನಿನಗೆ ಕುರ್ಚಿ ಹಾಕುತ್ತೇನೆ. ಆಮೇಲೆ ಮಾರ್ಬೆಲಿಯನ್ನು ನೋಡು, ಹೊರಡು. ನನ್ನ ಪಕ್ಕದ ಜಾಗಕ್ಕೆ ಯಾರನ್ನೂ ಕೂರಿಸಿಕೊಂಡಿಲ್ಲ, ನಿನ್ನನ್ನೂ ಕೂರಿಸಿಕೊಳ್ಳುವುದಿಲ್ಲ.

ಮೇಸ್ತ್ರಿಗೆ ಇನ್ನೆಷ್ಟು ದಿನ ಎಂದು ವೈದ್ಯರು ಹೇಳಲಿಲ್ಲ. ಈ ಕಾಗದ ನಿನಗೆ ಸಿಕ್ಕ ಮೇಲೆ ಚುಟ್ಟಾ ಒಂದು ವಾರ ತಡೆಯಬಹುದು.

ಎರ್ಲಿಂದಾ